ಎಂ.ಲಿಬ್. ಮೂರನೇ ಸೆಮಿಸ್ಟರ್: ಐಚ್ಛಿಕ ಪತ್ರಿಕೆ ಆರಿಸುವ ಮುನ್ನ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಬಿ.ಎ.ಯಲ್ಲಿ ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ ಓದಿ, ಈಗ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷದ ಎಂ.ಲಿಬ್.ಐ.ಎಸ್ಸಿ. (ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಪದವಿ) ಮಾಡುತ್ತಿದ್ದೇನೆ. ಎರಡನೇ ಸೆಮಿಸ್ಟರ್ ಮುಗಿಯುತ್ತ ಬಂತು, ಮೂರನೆಯದಕ್ಕೆ ಐಚ್ಛಿಕ ಪತ್ರಿಕೆ ಆರಿಸಬೇಕು. ಡಿಜಿಟಲ್ ಲೈಬ್ರರಿ ತಗೊಳ್ಳದಿದ್ದರೆ ಕೆಲಸವೇ ಸಿಗಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರೆ. ನನಗೆ ಮನಸ್ಸಿರುವುದು ಸಾರ್ವಜನಿಕ ಗ್ರಂಥಾಲಯದ ಪತ್ರಿಕೆ ಮೇಲೆ. ಕಂಪ್ಯೂಟರ್ ಅಂದರೆ ವರ್ಡ್, ಎಕ್ಸೆಲ್ ಅಷ್ಟೇ ಗೊತ್ತು. ಮೊದಲ ಸೆಮಿಸ್ಟರಿನಲ್ಲಿ 500ಕ್ಕೆ 261 ಬಂದಿದೆ, ಪುಸ್ತಕದ ವಿವರವನ್ನು ನಿಯಮದಂತೆ ದಾಖಲಿಸುವ ಕ್ಯಾಟಲಾಗಿಂಗ್ ಪ್ರಾಕ್ಟಿಕಲ್‌ನಲ್ಲೇ ಹೊಡೆತ ಬಿತ್ತು. ಒಟ್ಟು 55 ಪರ್ಸೆಂಟ್ ಆಗದಿದ್ದರೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪ್ರಯೋಜನಕ್ಕೆ ಬರಲ್ಲವಂತೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕಳೆದುಹೋದ ಪುಸ್ತಕದ ದುಡ್ಡನ್ನು ಲೈಬ್ರರಿಯನ್ ಸಂಬಳದಲ್ಲಿ ಹಿಡಿಯುತ್ತಾರೆ ಅಂತಲೂ ಕೇಳಿದೆ. "ಇದನ್ನು ಬಿಟ್ಟು ಬಿ.ಇಡಿ. ಮಾಡು, ಲೈಬ್ರರಿಗೆ ಈಗ ಯಾರು ಬರ್ತಾರೆ" ಎಂದು ಅಣ್ಣ ಒತ್ತಾಯಿಸುತ್ತಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಐಚ್ಛಿಕ ಪತ್ರಿಕೆ ಯಾವುದು ಅನ್ನುವುದು ಒಂದು, ಅಂಕ ಸಾಲುತ್ತದೆಯೇ ಅನ್ನುವುದು ಇನ್ನೊಂದು, ಓದಿದ ಮೇಲೆ ಕೆಲಸ ಇದೆಯೇ ಅನ್ನುವುದು ಮತ್ತೊಂದು. ನೀವು ಮೊದಲನೆಯದಕ್ಕೆ ಹೆಚ್ಚು ಹೆದರಿದ್ದೀರಿ. ಆದರೆ ಹೆಚ್ಚು ಗಮನ ಬೇಕಾಗಿರುವುದು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವ ಕ್ಯಾಟಲಾಗಿಂಗ್ ಪ್ರಾಕ್ಟಿಕಲ್‌ಗೆ.

ಡಿಜಿಟಲ್ ಲೈಬ್ರರಿ ಪತ್ರಿಕೆ ಇಲ್ಲದಿದ್ದರೆ ಕೆಲಸವಿಲ್ಲ ಎಂಬ ಮಾತು ಸುಳ್ಳು. ಕಾಲೇಜು ಲೈಬ್ರರಿಯನ್ ಮತ್ತು ವಿಶ್ವವಿದ್ಯಾಲಯಗಳ ಸಹಾಯಕ ಲೈಬ್ರರಿಯನ್ ಹುದ್ದೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಕೇಳುವುದು ಗ್ರಂಥಾಲಯ ವಿಜ್ಞಾನ, ಮಾಹಿತಿ ವಿಜ್ಞಾನ ಅಥವಾ ಡಾಕ್ಯುಮೆಂಟೇಶನ್‌ನಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಗ್ರಂಥಾಲಯ ಗಣಕೀಕರಣದ ತಿಳಿವಳಿಕೆ, ಮತ್ತು ನೆಟ್ ಅಥವಾ ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ). ಐಚ್ಛಿಕ ಪತ್ರಿಕೆಯ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಸಂದರ್ಶನದಲ್ಲಿ ಕೂರುವವರು ಅಂಕಪಟ್ಟಿಯ ಹೆಸರಿಗಿಂತ "ಕೋಹಾದಲ್ಲಿ ಏನು ಮಾಡಿದ್ದೀರಿ, ತೋರಿಸಿ" ಎಂದು ಕೇಳುತ್ತಾರೆ. ಕೋಹಾ ಅಂದರೆ ಗ್ರಂಥಾಲಯದ ಕೆಲಸ ನಡೆಸುವ ಉಚಿತ ಸಾಫ್ಟ್‌ವೇರ್. ಡಿಜಿಟಲ್ ಲೈಬ್ರರಿ ಪತ್ರಿಕೆಯಲ್ಲಿ 70 ಅಂಕ ತೆಗೆದೂ ಒಂದು ಮಾರ್ಕ್ (MARC, ಕಂಪ್ಯೂಟರ್ ಓದಬಲ್ಲ ಪುಸ್ತಕ ವಿವರದ ನಮೂನೆ) ದಾಖಲೆಯನ್ನು ಸರಿಯಾಗಿ ತುಂಬಲು ಬಾರದವರನ್ನು ನಮ್ಮ ವೃತ್ತಿಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಆ ದಾಖಲೆ ತುಂಬುವ ವಿದ್ಯೆ ಬರುವುದು ನಿಮಗೆ ಹೊಡೆತ ಕೊಟ್ಟ ಆ ಪ್ರಾಕ್ಟಿಕಲ್‌ನಿಂದಲೇ.

ಅಂಕ ಎಲ್ಲಿ ಸೋರುತ್ತದೆ

ಪ್ರತಿ ಸೆಮಿಸ್ಟರಿಗೂ 500 ಅಂಕ ಎಂದಿಟ್ಟುಕೊಂಡರೆ ಒಟ್ಟು 2000, ಅದರ ಶೇ. 55 ಅಂದರೆ 1100. ನಿಮಗೆ 261 ಬಂದಿದೆ. ಉಳಿದ ಮೂರು ಸೆಮಿಸ್ಟರಿನಲ್ಲಿ 839 ಬೇಕು, ಸೆಮಿಸ್ಟರಿಗೆ 280ರ ಲೆಕ್ಕ. ಈಗ ತೆಗೆದಿರುವುದಕ್ಕಿಂತ 19 ಹೆಚ್ಚು, ಅಷ್ಟೇ. ಆದರೂ 290ರ ಗುರಿ ಇಟ್ಟುಕೊಳ್ಳಿ. ಏಕೆಂದರೆ 54.9 ಬಂದರೆ ಅದನ್ನು 55 ಎಂದು ಯಾರೂ ಎಣಿಸುವುದಿಲ್ಲ, ಕೃಪಾಂಕ ಸೇರಿಸಿ ಅರ್ಹತೆ ಕೊಡುವುದಕ್ಕೂ ಯುಜಿಸಿ ಒಪ್ಪುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 5ರ ರಿಯಾಯಿತಿ ಇದೆ, ಅವರಿಗೆ 50 ಸಾಕು. ನೀವು ಇವುಗಳಲ್ಲಿ ಯಾವುದಕ್ಕೆ ಸೇರುತ್ತೀರಿ ಎಂದು ಬರೆದಿಲ್ಲ. ಹಿಂದುಳಿದ ವರ್ಗದವರಾದರೆ ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ, ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ನಿಮ್ಮಲ್ಲಿ ಗ್ರೇಡ್ ಪದ್ಧತಿಯಿದ್ದರೆ ಅದನ್ನು ಶೇಕಡಾವಾರಿಗೆ ಬದಲಿಸುವ ಸೂತ್ರ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಅದು ಸಾಮಾನ್ಯವಾಗಿ ಅಂಕಪಟ್ಟಿಯ ಹಿಂಬದಿಯಲ್ಲೇ ಇರುತ್ತದೆ, ಅದರ ಪ್ರಕಾರವೇ ಲೆಕ್ಕ ಹಾಕಿ.

ಆ 19 ಅಂಕ ಸಿಗುವುದು ಪ್ರಾಕ್ಟಿಕಲ್‌ನಲ್ಲಿ. ಥಿಯರಿಯಲ್ಲಿ 50 ಬರುವವರು 60ಕ್ಕೆ ಏರಲು ಬಹಳ ಓದಬೇಕು. ಪ್ರಾಕ್ಟಿಕಲ್‌ನಲ್ಲಿ ತಪ್ಪುಗಳು ಹತ್ತಾರು ಮಾತ್ರ, ಅವೇ ಮತ್ತೆ ಮತ್ತೆ ಬರುತ್ತವೆ, ಹಿಡಿದು ತಿದ್ದಬಹುದು.

ಮೊದಲನೆಯದು ಮುಖ್ಯ ನಮೂದಿನ, ಅಂದರೆ ಪುಸ್ತಕವನ್ನು ಯಾವ ಹೆಸರಿನಡಿ ದಾಖಲಿಸಬೇಕು ಎಂಬ ಗೊಂದಲ. ಎಎಸಿಆರ್-2 ಎಂಬ ಕ್ಯಾಟಲಾಗಿಂಗ್ ಸಂಹಿತೆಯಲ್ಲಿ ಮೂವರವರೆಗೆ ಲೇಖಕರಿದ್ದರೆ ಮೊದಲ ಹೆಸರಿನಡಿ ಮುಖ್ಯ ನಮೂದು. ನಾಲ್ವರು ಅಥವಾ ಹೆಚ್ಚು ಜನರಿದ್ದು, ಮುಖ್ಯ ಹೊಣೆ ಯಾರದೆಂದು ಹೇಳದಿದ್ದರೆ ಶೀರ್ಷಿಕೆಯಡಿ. ಸಂಪಾದಿತ ಕೃತಿಯೂ ಶೀರ್ಷಿಕೆಯಡಿಯೇ. 2010ರಲ್ಲಿ ಬಂದ ಹೊಸ ಸಂಹಿತೆ ಆರ್‌ಡಿಎ ಈ ಮೂವರ ಮಿತಿಯನ್ನು ತೆಗೆದುಹಾಕಿತು, ಎಷ್ಟು ಜನರಿದ್ದರೂ ಮೊದಲು ಹೆಸರಿಸಿದವರಡಿ ನಮೂದಿಸಬಹುದು. ಬೆಳಿಗ್ಗೆ ಕ್ಲಾಸಿನಲ್ಲಿ ಎಎಸಿಆರ್-2, ಮಧ್ಯಾಹ್ನ ಲ್ಯಾಬಿನಲ್ಲಿ ಆರ್‌ಡಿಎ ಅಳವಡಿಸಿದ ದಾಖಲೆ. ಎರಡನ್ನೂ ಒಂದೇ ಎಂದುಕೊಂಡವರು ಎರಡೂ ಕಡೆ ತಪ್ಪುತ್ತಾರೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಯಾವ ಸಂಹಿತೆ ಕೇಳಿದೆಯೋ ಅದನ್ನು ಉತ್ತರದ ಮೇಲ್ಗಡೆ ಬರೆದುಕೊಂಡೇ ಶುರುಮಾಡಿ.

ಎರಡನೆಯದು ವಿರಾಮಚಿಹ್ನೆ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಚುಕ್ಕೆ, ಖಾಲಿ ಜಾಗ, ಉದ್ದ ಗೆರೆ, ಮತ್ತೆ ಖಾಲಿ ಜಾಗ. ಉಪಶೀರ್ಷಿಕೆಗೆ ಮುಂಚೆ ಖಾಲಿ ಜಾಗ ಮತ್ತು ಕೋಲನ್, ಹೊಣೆಗಾರಿಕೆ ಹೇಳುವ ಮುಂಚೆ ಖಾಲಿ ಜಾಗ ಮತ್ತು ಓರೆಗೆರೆ. ಅಂಕ ಕಳೆಯುವುದು ಹೆಚ್ಚಾಗಿ ಈ ಖಾಲಿ ಜಾಗಗಳಿಗೇ. ಕನ್ನಡ ಮಾಧ್ಯಮದಿಂದ ಬಂದವರು ಇದಕ್ಕೆ ಅಂಜಬೇಕಾಗಿಲ್ಲ, ಇಲ್ಲಿ ಇಂಗ್ಲಿಷಿನ ಪಾತ್ರ ಬಹಳ ಕಡಿಮೆ.

ಮೂರನೆಯದು ನಮ್ಮದೇ ಹೆಸರುಗಳು, ಇದರಲ್ಲಿ ನೀವು ಬೇರೆಯವರಿಗಿಂತ ಮುಂದಿರಬಹುದು. ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆ ಎಎಸಿಆರ್-2ರ 22.25ನೇ ನಿಯಮದಲ್ಲಿ ಪ್ರತ್ಯೇಕ ಸೂಚನೆ ಇದೆ: ಅಡ್ಡಹೆಸರು ಇಲ್ಲದಿದ್ದರೆ ವ್ಯಕ್ತಿಯ ಸ್ವಂತ ಹೆಸರಿನಡಿ ನಮೂದಿಸಬೇಕು. ನಿಮ್ಮ ಕಡೆಯ ಪಾಟೀಲ, ಹಿರೇಮಠ, ದೇಸಾಯಿ ಅಡ್ಡಹೆಸರುಗಳು, ಹೆಸರಿನ ಕೊನೆಯಲ್ಲಿ ಬರುತ್ತವೆ, ಅವೇ ಮುಂದೆ ಬರಬೇಕು. ಹಳೇ ಮೈಸೂರಿನ ಕಡೆ ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ, ಕೊನೆಯ ಪದವೇ ಸ್ವಂತ ಹೆಸರು. 'ಎಚ್. ರಾಮಪ್ಪ' ಎಂಬುದು 'ರಾಮಪ್ಪ, ಎಚ್.' ಆಗುವುದು ಆ ಕಾರಣಕ್ಕೇ ಹೊರತು, ಕೊನೆಯ ಪದವನ್ನು ಮುಂದಕ್ಕೆ ತರಬೇಕೆಂಬ ನಿಯಮಕ್ಕಲ್ಲ. ಕಾರಣ ತಿಳಿದಿದ್ದರೆ 'ರಾಮಪ್ಪ ಗೌಡ' ಬಂದಾಗ ನಿಂತು ಯೋಚಿಸುತ್ತೀರಿ: ಗೌಡ ಎಂಬುದನ್ನು ಈ ಲೇಖಕರು ಅಡ್ಡಹೆಸರಾಗಿ ಬಳಸಿದ್ದಾರೆಯೇ, ಇಲ್ಲವೇ?

ವರ್ಗೀಕರಣದಲ್ಲೂ ಹೀಗೆಯೇ, ತಪ್ಪಿನ ಜಾಗಗಳು ಗೊತ್ತಿರುವಂಥವು. 'ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳು' ಎಂಬ ಪುಸ್ತಕಕ್ಕೆ ಡಿಡಿಸಿ (ಡ್ಯೂಯಿ ದಶಮಾಂಶ ವರ್ಗೀಕರಣ) ಸಂಖ್ಯೆ 027.45487. ಬಹಳ ಜನ 027.4095487 ಎಂದು ಬರೆಯುತ್ತಾರೆ, ಸ್ಥಳ ಬಂದ ಕೂಡಲೇ 09 ಹಾಕುವ ಅಭ್ಯಾಸ. ಆದರೆ 027.4ರ ಕೆಳಗೆ ಸ್ಥಳಗಳ ಸಂಖ್ಯೆಯಿರುವ ಎರಡನೇ ಕೋಷ್ಟಕದ ಸಂಖ್ಯೆಯನ್ನು ನೇರವಾಗಿ ಸೇರಿಸಿ ಎಂಬ ಸೂಚನೆ ಇದೆ, ಕರ್ನಾಟಕದ 5487 ಅಲ್ಲಿ ನೇರವಾಗಿ ಕೂರುತ್ತದೆ. ಕನ್ನಡ ಸಾಹಿತ್ಯ 894.814, ಕನ್ನಡ ಕಾದಂಬರಿ 894.8143. ಕನ್ನಡ ಕಾದಂಬರಿಯ ಇತಿಹಾಸಕ್ಕೆ 894.8143009, ಎರಡು ಸೊನ್ನೆ. ಒಂದು ಸೊನ್ನೆಯ ಜಾಗವನ್ನು ಸಣ್ಣಕಥೆ, ಐತಿಹಾಸಿಕ ಕಾದಂಬರಿ ಮುಂತಾದ ಪ್ರಭೇದಗಳು ಆಗಲೇ ಹಿಡಿದಿವೆ. ಸಂಖ್ಯೆ ಕಟ್ಟುವಾಗ ಡಿಡಿಸಿಯ ನಾಲ್ಕನೇ ಸಂಪುಟದ ಸಾಪೇಕ್ಷ ಸೂಚಿಯಲ್ಲಿ ಸಿಕ್ಕಿದ್ದನ್ನೇ ನಂಬಿ ಬರೆಯಬೇಡಿ, ಎರಡು ಮತ್ತು ಮೂರನೇ ಸಂಪುಟದ ಪಟ್ಟಿಗೆ ಹೋಗಿ ಅಲ್ಲಿನ ಸೂಚನೆ ಓದಿ. ಪರೀಕ್ಷೆಯಲ್ಲಿ ಸಮಯ ಸಾಲಲಿಲ್ಲ ಎನ್ನುವವರು ಹೆಚ್ಚಾಗಿ ವರ್ಷವಿಡೀ ಬಿಡಿಸಿಟ್ಟ ನೋಟ್ಸ್ ನೋಡಿದವರು, ಸಂಪುಟ ಮುಟ್ಟಿದವರಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಸಂಪುಟಗಳ ಮುಂದೆ ಕೂತು ಹತ್ತು ಶೀರ್ಷಿಕೆ ಬಿಡಿಸಿ. ಜೊತೆಗೊಬ್ಬ ಗೆಳತಿ ಇರಲಿ, ಒಬ್ಬರು ಕಟ್ಟಿದ ಸಂಖ್ಯೆಯನ್ನು ಇನ್ನೊಬ್ಬರು ಬಿಚ್ಚಿ ಅರ್ಥ ಹೇಳಲಿ. ಬಿಚ್ಚುವಾಗಲೇ ತಪ್ಪು ಕಣ್ಣಿಗೆ ಬೀಳುವುದು.

ಕೋಲನ್ ವರ್ಗೀಕರಣವನ್ನು ಈಗ ಯಾರು ಬಳಸುತ್ತಾರೆ ಎಂದು ಅಸಡ್ಡೆ ಮಾಡುವುದೂ ಬೇಡ. 1933ರಲ್ಲಿ ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಕೊಟ್ಟ ಆ ಪದ್ಧತಿಯನ್ನು ಕಪಾಟಿನ ಮೇಲೆ ಉಳಿಸಿಕೊಂಡ ಗ್ರಂಥಾಲಯಗಳು ಕಡಿಮೆ, ನಿಜ. ವಿಷಯವನ್ನು ಮುಖಗಳಾಗಿ ಒಡೆದು ನೋಡುವ ಅದರ ರೀತಿ ಮಾತ್ರ ಎಲ್ಲೂ ಹೋಗಿಲ್ಲ. ಇವತ್ತಿನ ಆನ್‌ಲೈನ್ ಕ್ಯಾಟಲಾಗಿನ ಎಡಬದಿಯಲ್ಲಿ ಲೇಖಕ, ವಿಷಯ, ಭಾಷೆ, ವರ್ಷ ಎಂದು ಸೋಸುವ ಪಟ್ಟಿ ಇದೆಯಲ್ಲ, ಅದರ ಬೆನ್ನಿಗಿರುವುದು ಇದೇ ಚಿಂತನೆ.

ಲ್ಯಾಪ್‌ಟಾಪಿನಲ್ಲಿ ನಿಮ್ಮದೇ ಒಂದು ಕೋಹಾ

ವರ್ಡ್, ಎಕ್ಸೆಲ್ ಮಾತ್ರ ಗೊತ್ತು ಎಂದು ಬರೆದಿದ್ದೀರಿ. ಶುರುಮಾಡಲು ಅಷ್ಟು ಸಾಕು. ಈ ವೃತ್ತಿಯಲ್ಲಿ ಪ್ರೋಗ್ರಾಮಿಂಗ್ ಬಲ್ಲವರಿಗಿಂತ ಮಾಹಿತಿಯನ್ನು ಶಿಸ್ತಾಗಿ ತುಂಬಬಲ್ಲವರ ಕೊರತೆ ಹೆಚ್ಚು. ಯಾವ ಐಚ್ಛಿಕ ತೆಗೆದುಕೊಂಡರೂ ಮೂರನೇ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಕೆಲಸ ಮಾಡಿ: ನಿಮ್ಮ ಅಥವಾ ಸ್ನೇಹಿತೆಯ ಲ್ಯಾಪ್‌ಟಾಪಿನಲ್ಲಿ ಕೋಹಾ ಹಾಕಿ, ಅದರಲ್ಲಿ 200 ಕನ್ನಡ ಪುಸ್ತಕಗಳ ದಾಖಲೆ ಮಾಡಿ.

ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇದ್ದರೆ ವಿಂಡೋಸ್ ತೆಗೆಯಬೇಕಾಗಿಲ್ಲ. ವರ್ಚುವಲ್‌ಬಾಕ್ಸ್ (ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಲಿನಕ್ಸ್ ಬಗೆಯ ಡೆಬಿಯನ್‌ಗೆ ನಾಲ್ಕು ಜಿಬಿ ಮೆಮೊರಿ, 40 ಜಿಬಿ ಜಾಗ ಕೊಡಿ. ಕೋಹಾ ಸಮುದಾಯ ಒದಗಿಸುವ ಪ್ಯಾಕೇಜ್ ಮೂಲಕವೇ ಇನ್‌ಸ್ಟಾಲ್ ಮಾಡಿ. ಎಲ್ಲ ಸರಿ ಮಾಡಿದರೂ ಸಿಬ್ಬಂದಿಯ ಪುಟ ತೆರೆಯಲಿಲ್ಲವೆಂದರೆ ಮೊದಲು ನೋಡಬೇಕಾದದ್ದು ಪೋರ್ಟ್: ಆ ಪುಟಕ್ಕೆ 8080 ಕೊಟ್ಟಿದ್ದರೆ ಅಪಾಚೆ ಎಂಬ ವೆಬ್ ಸರ್ವರಿನ ಪೋರ್ಟ್ ಕಡತದಲ್ಲೂ ಅದನ್ನು ಸೇರಿಸಿರಬೇಕು. ಆಮೇಲೆ ಶಾಖೆ, ಐಟಂ ಬಗೆ, ಸದಸ್ಯರ ವರ್ಗ, ಕೊನೆಗೆ ಎರವಲು ನಿಯಮ, ಇದೇ ಕ್ರಮದಲ್ಲಿ ತುಂಬಿ. ಎರವಲು ನಿಯಮ ಬರೆಯುವುದನ್ನು ಮರೆತರೆ ಪುಸ್ತಕ ಇಶ್ಯೂ ಆಗುವುದಿಲ್ಲ, ತಪ್ಪು ಎಲ್ಲಿದೆಯೆಂದು ಎರಡು ದಿನ ಹುಡುಕುತ್ತೀರಿ.

ದಾಖಲೆ ತುಂಬುವಾಗ ಶೀರ್ಷಿಕೆ ಬರೆಯುವ 245ನೇ ಕ್ಷೇತ್ರದ ಎರಡನೇ ಸೂಚಕ ಗಮನಿಸಿ. ಶೀರ್ಷಿಕೆಯ ಮೊದಲಿನ ಆರ್ಟಿಕಲ್ ಬಿಟ್ಟು ಜೋಡಿಸಲು ಎಷ್ಟು ಅಕ್ಷರ ಹಾರಬೇಕೆಂದು ಅದು ಹೇಳುತ್ತದೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಸೊನ್ನೆಯೇ. 'ಶ್ರೀ' ಎಂದು ಶುರುವಾದರೂ ಸೊನ್ನೆಯೇ. ಪ್ರತಿಯ ವಿವರ 952ರಲ್ಲಿ: ಸ್ವಂತ ಶಾಖೆ, ಈಗಿರುವ ಶಾಖೆ, ಕರೆಸಂಖ್ಯೆ, ಬಾರ್‌ಕೋಡ್, ಐಟಂ ಬಗೆ. ಎಕ್ಸೆಲ್‌ನಿಂದ ಒಟ್ಟಿಗೆ ಸೇರಿಸುವುದಾದರೆ ಎರಡು ಅಪಾಯ. ಸೊನ್ನೆಯಿಂದ ಶುರುವಾಗುವ ಬಾರ್‌ಕೋಡಿನ ಸೊನ್ನೆಗಳನ್ನು ಎಕ್ಸೆಲ್ ನುಂಗುತ್ತದೆ, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಸಾಮಾನ್ಯ ಸಿಎಸ್‌ವಿ ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಯುಟಿಎಫ್-8 ಎಂದಿರುವ ಸಿಎಸ್‌ವಿಯನ್ನೇ ಆರಿಸಿ. ಅಲ್ಲಿಂದ ಮಾರ್ಕ್‌ಎಡಿಟ್ ಎಂಬ ಉಚಿತ ಸಾಧನದಲ್ಲಿ ಮಾರ್ಕ್ ದಾಖಲೆಗಳಾಗಿ ಬದಲಿಸಬಹುದು.

ಈಗ ಕನ್ನಡದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಾಲೇಜುಗಳ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕ ಇದ್ದೂ ಸಿಗದಿರುವುದು ಓದುಗರಿಗೆ ಆಗುವ ನಿಜವಾದ ಅನ್ಯಾಯ. ಕಾರಣಗಳು ಸ್ಪಷ್ಟ. ಹಳೆಯ ಪಟ್ಟಿಗಳು ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ಅವನ್ನು ಹಾಗೇ ಅಂಟಿಸಿದರೆ ಚಿಹ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಮೊದಲು ಪರಿವರ್ತಿಸಲೇಬೇಕು. ಯೂನಿಕೋಡ್‌ನಲ್ಲೇ ಇದ್ದರೂ ಕಣ್ಣಿಗೆ ಒಂದೇ ಕಾಣುವ ಪದ ಒಳಗೆ ಎರಡು ಬಗೆಯಾಗಿರಬಹುದು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. 'ರ‍್ಯಾಂಕ್' ಎಂದು ಬರೆಯುವಾಗ ಕಣ್ಣಿಗೆ ಕಾಣದ ಜೋಡಕ ಸಂಕೇತ ಸೇರುತ್ತದೆ, 'ರ್ಯಾಂಕ್' ಎಂದು ಬರೆದಾಗ ಇಲ್ಲ. ಹುಡುಕುವವರು ಒಂದು ಬಗೆ ಟೈಪಿಸಿ, ದಾಖಲೆ ಇನ್ನೊಂದು ಬಗೆಯಲ್ಲಿದ್ದರೆ ಫಲಿತಾಂಶ ಶೂನ್ಯವಾಗಬಹುದು. ಕೋಹಾದಲ್ಲಿ ಹುಡುಕಾಟ ನಡೆಸುವ ಜೀಬ್ರಾ ಇಂಡೆಕ್ಸ್ ಕೂಡ ಮೊದಲೇ ಇರುವ ಹೊಂದಾಣಿಕೆಯಲ್ಲಿ ಲ್ಯಾಟಿನ್ ಲಿಪಿಗೆ ಒಗ್ಗಿದ್ದು. ಕನ್ನಡಕ್ಕೆ ಅದನ್ನು ಯೂನಿಕೋಡ್ ಲಿಪಿಗಳಿಗೆ ಹೊಂದುವ ಐಸಿಯು ಬಗೆಗೆ ಬದಲಿಸಿ ಇಡೀ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಬದಲಿಸಿ ಮತ್ತೆ ಕಟ್ಟದಿದ್ದರೆ ಏನೂ ಬದಲಾಗಿಲ್ಲವೆಂದೇ ಕಾಣುತ್ತದೆ.

ಇನ್ನು ಹೆಸರುಗಳು. ಕುವೆಂಪು, ಕೆ.ವಿ. ಪುಟ್ಟಪ್ಪ, ಪುಟ್ಟಪ್ಪ ಕೆ.ವಿ. ಮೂರೂ ಒಬ್ಬರೇ. ಬೇಂದ್ರೆ, ಅಂಬಿಕಾತನಯದತ್ತ ಇಬ್ಬರೂ ಒಬ್ಬರೇ. ಇವನ್ನು ಕಟ್ಟಿಹಾಕುವುದು ಪ್ರಾಧಿಕಾರ ದಾಖಲೆ: ಸ್ವೀಕೃತ ರೂಪ 100ರಲ್ಲಿ, ಉಳಿದ ರೂಪಗಳು 400ರಲ್ಲಿ. ನಿಮ್ಮ 200 ಪುಸ್ತಕಗಳಿಗೆ ನಲವತ್ತು-ಐವತ್ತು ಲೇಖಕರ ಪ್ರಾಧಿಕಾರ ದಾಖಲೆ ಮಾಡಿ. ಸಂದರ್ಶನದಲ್ಲಿ ಇದನ್ನು ತೆರೆದು ತೋರಿಸಿದರೆ ಗಣಕೀಕರಣದ ಬಗ್ಗೆ ಮುಂದಿನ ಪ್ರಶ್ನೆಗಳು ನಿಮಗೆ ಅನುಕೂಲವಾಗಿಯೇ ಬರುತ್ತವೆ. ಐಚ್ಛಿಕ ಕನ್ನಡ ಓದಿದ್ದು ದಂಡ ಎಂದುಕೊಂಡಿದ್ದರೆ, ಅದು ನೆರವಿಗೆ ಬರುವ ಜಾಗ ಇದೇ.

ಹಾಗಾದರೆ ಯಾವ ಐಚ್ಛಿಕ

ಡಿಜಿಟಲ್ ಲೈಬ್ರರಿ ಪತ್ರಿಕೆಯನ್ನು ಆರಿಸುವ ಮುಂಚೆ ವಿಭಾಗದಲ್ಲಿ ಒಂದು ಮಾತು ಕೇಳಿ: ವಾರಕ್ಕೆ ಎಷ್ಟು ಗಂಟೆ ಲ್ಯಾಬ್, ಡಿಜಿಟಲ್ ಲೈಬ್ರರಿ ಕಟ್ಟುವ ಸಾಫ್ಟ್‌ವೇರ್‌ಗಳಾದ ಡಿಸ್ಪೇಸ್ ಅಥವಾ ಗ್ರೀನ್‌ಸ್ಟೋನ್ ನಿಜವಾಗಿ ಓಡುತ್ತಿದೆಯೇ? ಲ್ಯಾಬ್ ಇದ್ದರೆ ಒಳ್ಳೆಯ ಪತ್ರಿಕೆ. ಡಿಜಿಟಲ್ ಕಡತಗಳ ವಿವರ ದಾಖಲಿಸುವ ಡಬ್ಲಿನ್ ಕೋರಿನ 15 ಅಂಶಗಳು, ಸ್ಕ್ಯಾನಿಂಗ್, ಚಿತ್ರದಿಂದ ಅಕ್ಷರ ಗುರುತಿಸುವ ಕನ್ನಡ ಒಸಿಆರ್, ಹಕ್ಕುಸ್ವಾಮ್ಯ ಎಲ್ಲ ಕೈಗೆ ಬರುತ್ತದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ ಎಂಬುದನ್ನು ಸರಿಯಾಗಿ ತಿಳಿದವರು ಪ್ರತಿ ಡಿಜಿಟಲೀಕರಣ ಯೋಜನೆಗೂ ಬೇಕು. ಲ್ಯಾಬ್ ಇಲ್ಲದಿದ್ದರೆ ಮಾತ್ರ ಅದು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವ ಪತ್ರಿಕೆಯಾಗುತ್ತದೆ. ಡಿಸ್ಪೇಸ್‌ನ 7ನೇ ಆವೃತ್ತಿಯಿಂದ ಬಳಕೆದಾರರಿಗೆ ಕಾಣುವ ಪುಟದ ಭಾಗ, ಅದರ ಹಿಂದೆ ಕೆಲಸ ಮಾಡುವ ಸರ್ವರ್ ಬೇರೆ ಬೇರೆಯಾಗಿವೆ, ಮೆಮೊರಿಯೂ ಹೆಚ್ಚು ಬೇಕು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಕಲಿಯುವುದು ಕಷ್ಟ.

ಸಾರ್ವಜನಿಕ ಗ್ರಂಥಾಲಯ ಪತ್ರಿಕೆ ನಿಮ್ಮ ಮನಸ್ಸಿನದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ, ಆಸ್ತಿ ತೆರಿಗೆಯ ಮೇಲಿನ ಗ್ರಂಥಾಲಯ ಕರ, 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದದ್ದು, ಇವೆಲ್ಲ ಅದರಲ್ಲಿ ಬರಬೇಕಾದ ವಿಷಯ. ಓದಲು ಕಷ್ಟವಿಲ್ಲ, ಸಮಾಜಶಾಸ್ತ್ರದ ಹಿನ್ನೆಲೆ ಕೈಹಿಡಿಯುತ್ತದೆ, ಅಂಕವೂ ಬರುತ್ತದೆ. ಅಪಾಯ ಬೇರೆ. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರ ಹುದ್ದೆಗೆ ಎಂ.ಲಿಬ್. ಬೇಕಾಗಿಲ್ಲ. ಇಲಾಖೆಯ ಮೇಲಿನ ಹುದ್ದೆಗಳ ಅಧಿಸೂಚನೆಗೆ ಹೊತ್ತುಗೊತ್ತಿಲ್ಲ. ಈ ಪತ್ರಿಕೆ ಓದಿದ್ದರಿಂದಲೇ ಆ ಇಲಾಖೆಯಲ್ಲಿ ಕೆಲಸ ಎಂದು ಕಾಯುವುದು ಸರಿಯಲ್ಲ.

ನಿಮ್ಮ ಸ್ಥಿತಿಯಲ್ಲಿ ನನ್ನ ಸಲಹೆ: ಲ್ಯಾಬ್ ವಾರಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಎಂದು ಗೊತ್ತಾದರೆ ಸಾರ್ವಜನಿಕ ಗ್ರಂಥಾಲಯ ಪತ್ರಿಕೆಯನ್ನೇ ತೆಗೆದುಕೊಳ್ಳಿ, ಅಲ್ಲಿ ಉಳಿಯುವ ಸಮಯವನ್ನು ಮೇಲೆ ಹೇಳಿದ ಕೋಹಾ ಕೆಲಸಕ್ಕೆ ಕೊಡಿ. ಒಳ್ಳೆಯ ಲ್ಯಾಬ್ ಇದ್ದರೆ ಡಿಜಿಟಲ್ ಲೈಬ್ರರಿ ತೆಗೆದುಕೊಂಡು, ಸಾರ್ವಜನಿಕ ಗ್ರಂಥಾಲಯವನ್ನು ಡಿಸರ್ಟೇಶನ್ನಿಗೆ ಇಟ್ಟುಕೊಳ್ಳಿ.

ಡಿಸರ್ಟೇಶನ್ ಬಗ್ಗೆ ಒಂದು ಎಚ್ಚರಿಕೆ. 'ಇಂಥ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇ-ಸಂಪನ್ಮೂಲಗಳ ಬಳಕೆ: ಒಂದು ಅಧ್ಯಯನ' ಎಂಬ ಬಗೆಯದನ್ನು ಬಿಡಿ. ಹಾಸ್ಟೆಲಿನಲ್ಲಿ ಸಿಕ್ಕ ನೂರು ಜನರಿಗೆ ಪ್ರಶ್ನಾವಳಿ ಹಂಚಿ, ಕೈ-ವರ್ಗ (chi-square) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಹಾಕಿ, ಹಲವು ಕೋಶಗಳಲ್ಲಿ ನಿರೀಕ್ಷಿತ ಆವೃತ್ತಿ 5ಕ್ಕಿಂತ ಕೆಳಗಿದ್ದರೂ ಗಮನಿಸದೆ ತೀರ್ಮಾನ ಬರೆಯುವುದು ಅಲ್ಲಿ ಮಾಮೂಲು. ವೈವಾದಲ್ಲಿ ಸಿಕ್ಕಿಬೀಳುವುದು ಅಲ್ಲೇ. ನಿಮಗೆ ಎರಡು ದಾರಿ ಕಾಣುತ್ತವೆ. ನಿಮ್ಮ ತಾಲ್ಲೂಕಿನ ಹತ್ತು ಪಂಚಾಯಿತಿ ಗ್ರಂಥಾಲಯಗಳ ಆರು ತಿಂಗಳ ಎರವಲು ಪುಸ್ತಕ ಮತ್ತು ಹಾಜರಿ ಪುಸ್ತಕ ತೆಗೆದು, ಯಾರು, ಯಾವ ವಯಸ್ಸಿನವರು, ಏನನ್ನು ಒಯ್ಯುತ್ತಾರೆ ಎಂದು ನೋಡುವುದು ಒಂದು. ಇದಕ್ಕೆ ವಿಭಾಗದ ಪತ್ರ ಹಿಡಿದು ಜಿಲ್ಲಾ ಪಂಚಾಯಿತಿಯ ಒಪ್ಪಿಗೆ ಮೊದಲೇ ಪಡೆಯಿರಿ, ದಾಖಲೆ ಅರ್ಧಂಬರ್ಧ ಇರುವ ಕಡೆ ಬದಲಿ ಗ್ರಂಥಾಲಯಗಳನ್ನು ಗುರುತಿಸಿಡಿ. ಇನ್ನೊಂದು, ನಿಮ್ಮ ವಿಶ್ವವಿದ್ಯಾಲಯದ ಕ್ಯಾಟಲಾಗಿನ ಕನ್ನಡ ದಾಖಲೆಗಳಲ್ಲಿ ಲೇಖಕರ ಹೆಸರಿನ ಏಕರೂಪತೆ ಎಷ್ಟಿದೆ ಎಂಬ ಪರಿಶೀಲನೆ. 6,000 ದಾಖಲೆಗಳಿದ್ದರೆ ಪ್ರತಿ ಇಪ್ಪತ್ತನೆಯದನ್ನು ತೆಗೆದರೆ 300ರ ಮಾದರಿ ಸಿಗುತ್ತದೆ. ಓಡಾಟವಿಲ್ಲ, ಖರ್ಚಿಲ್ಲ, ಫಲಿತಾಂಶ ಗ್ರಂಥಾಲಯಕ್ಕೆ ನೇರ ಉಪಯೋಗ. ಯಾವುದಾದರೂ ಬರಹದಲ್ಲಿ ನಕಲು ಶೇ. 10 ದಾಟದಿರಲಿ, ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮ ಸ್ನಾತಕೋತ್ತರ ಪ್ರಬಂಧಕ್ಕೂ ಅನ್ವಯಿಸುತ್ತದೆ.

ನೆಟ್, ಭಾಷೆ, ಕಳೆದ ಪುಸ್ತಕ

ನೆಟ್‌ನಲ್ಲಿ ನಮ್ಮ ವಿಷಯದ ಕೋಡ್ 59. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು 300 ಅಂಕ, ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಂತಿಮ ವರ್ಷದಲ್ಲಿರುವಾಗಲೇ ಬರೆಯಬಹುದು. ಫಲಿತಾಂಶ ಬಂದ ಎರಡು ವರ್ಷದೊಳಗೆ ಬೇಕಾದ ಶೇಕಡಾವಾರಿನೊಂದಿಗೆ ಪದವಿ ಮುಗಿಸಬೇಕು. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗಾಗಿ ಇಂಗ್ಲಿಷಿನ ಭಯವನ್ನು ಈಗಲೇ ಎದುರಿಸುವುದು ಲೇಸು. ಸಾಹಿತ್ಯದ ಇಂಗ್ಲಿಷ್ ನಿಮಗೆ ಬೇಡ. ಹತ್ತು ಘಟಕಗಳ ಪಠ್ಯಕ್ರಮದಲ್ಲಿ ಬರುವ ಪಾರಿಭಾಷಿಕ ಪದಗಳನ್ನು ದಿನಕ್ಕೆ ಹತ್ತರಂತೆ, ಎದುರಿಗೆ ಕನ್ನಡದಲ್ಲಿ ಒಂದು ಸಾಲಿನ ವಿವರಣೆಯೊಂದಿಗೆ ಬರೆದಿಡಿ. ವಿವರಣೆ ಕನ್ನಡದಲ್ಲಿ ಬರೆಯಲು ಬಂದರೆ ಪರಿಕಲ್ಪನೆ ಅರ್ಥವಾಗಿದೆ ಎಂದೇ ಲೆಕ್ಕ. ಕರ್ನಾಟಕದ ಸೆಟ್ ಆದ ಕೆಸೆಟ್ ಅನ್ನೂ ಬಿಡಬೇಡಿ, ರಾಜ್ಯದೊಳಗಿನ ಹುದ್ದೆಗಳಿಗೆ ಅದು ಸಾಕು.

ಕಳೆದ ಪುಸ್ತಕದ ದುಡ್ಡು ಸಂಬಳದಲ್ಲಿ ಹಿಡಿಯುತ್ತಾರೆ ಎಂಬುದು ಅರ್ಧ ಕೇಳಿದ ಮಾತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮ 215ರ ಪ್ರಕಾರ, ವರ್ಷದಲ್ಲಿ ಎರವಲು ಕೊಟ್ಟ ಅಥವಾ ನೋಡಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದರವರೆಗಿನ ನಷ್ಟವನ್ನು ಸಹಜವೆಂದು ಒಪ್ಪಬಹುದು, ಅದು ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆಗಿರಬಾರದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. 20,000 ಪುಸ್ತಕದವರೆಗೆ ಪ್ರತಿವರ್ಷ, 50,000ದವರೆಗೆ ಮೂರು ವರ್ಷಕ್ಕೊಮ್ಮೆ ಪೂರ್ತಿ ಸ್ಟಾಕ್ ವೆರಿಫಿಕೇಶನ್ ಎಂಬುದೂ ಅದರಲ್ಲೇ ಇದೆ. ರಾಜ್ಯದ ಹಾಗೂ ಖಾಸಗಿ ಸಂಸ್ಥೆಗಳಿಗೆ ಅವುಗಳದೇ ನಿಯಮ ಇರಬಹುದು, ಕೆಲಸಕ್ಕೆ ಸೇರುವ ದಿನವೇ ಬರಹದಲ್ಲಿ ಕೇಳಿ. ತೊಂದರೆಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಚಾರ್ಜ್ ತೆಗೆದುಕೊಳ್ಳುವಾಗ ಬಂದ ಪುಸ್ತಕಗಳನ್ನು ಬರೆದಿಡುವ ಅಕ್ಸೆಶನ್ ರಿಜಿಸ್ಟರಿಗೂ ಕಪಾಟಿಗೂ ತಾಳೆ ನೋಡದೆ ಸಹಿ ಹಾಕಿದವರು. ಇಂಟರ್ನ್‌ಶಿಪ್‌ನಲ್ಲಿ ಲೇಬಲ್ ಅಂಟಿಸುವ ಕೆಲಸವನ್ನೇ ಕೊಡುತ್ತಾ ಹೋದರೆ, ಸ್ಟಾಕ್ ವೆರಿಫಿಕೇಶನ್ ಮತ್ತು ಬಿಲ್ ಪಾಸ್ ಮಾಡುವುದನ್ನು ಒಂದೊಂದು ವಾರ ಕಲಿಸಿ ಎಂದು ಕೇಳಿ.

ಬಿ.ಇಡಿ. ಮತ್ತು ಅಣ್ಣನ ಮಾತು

ಅಣ್ಣನ ಕಳಕಳಿ ಸುಳ್ಳಲ್ಲ. ಸರ್ಕಾರಿ ಹುದ್ದೆಗಳು ತಡವಾಗಿ, ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ. ಖಾಸಗಿ ಕಾಲೇಜುಗಳಲ್ಲಿ ಸಂಬಳ ಯುಜಿಸಿ ಶ್ರೇಣಿಯ ಹತ್ತಿರಕ್ಕೂ ಬರುವುದಿಲ್ಲ, ಮೊದಲ ಎರಡು-ಮೂರು ವರ್ಷ ಕಷ್ಟವೇ. ಆದರೆ ಬಿ.ಇಡಿ. ಎರಡು ವರ್ಷ, ಅದರ ಮುಂದೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಅಲ್ಲೂ ಇದೇ ಕಾಯುವಿಕೆ. ಅರ್ಧ ಮುಗಿದ ಪದವಿ ಬಿಟ್ಟು ಹೊಸದಾಗಿ ಎರಡು ವರ್ಷ ಕೊಡುವುದಕ್ಕಿಂತ, ಇನ್ನೊಂದು ವರ್ಷದಲ್ಲಿ ಇದನ್ನು ಮುಗಿಸುವುದು ಲಾಭ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಕಾಲೇಜುಗಳು, ಸಿಬಿಎಸ್‌ಇ ಶಾಲೆಗಳು, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳು, ಇವೆಲ್ಲಕ್ಕೂ ಜನ ಬೇಕಾಗುತ್ತಲೇ ಇರುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಗ್ರಂಥಾಲಯವನ್ನೂ ನೋಡುವುದರಿಂದ, ಆ ವರ್ಷ ಹತ್ತಿರವಾದಾಗ ಕಾಲೇಜುಗಳು ಗಣಕೀಕರಣ ಬಲ್ಲವರನ್ನು ಹುಡುಕುತ್ತವೆ.

ಒಂದು ಕಾಗದದ ವಿಷಯ ಮರೆಯಬೇಡಿ. ಶಾಲೆಗಳ ಲೈಬ್ರರಿಯನ್ ಹುದ್ದೆಗೆ ಸಾಮಾನ್ಯವಾಗಿ ಬಿ.ಲಿಬ್. ಕೇಳುತ್ತಾರೆ. ನಿಮ್ಮದು ಪದವಿಯ ನಂತರ ನೇರವಾಗಿ ಮಾಡುವ ಎರಡು ವರ್ಷದ ಸಂಯುಕ್ತ ಎಂ.ಲಿಬ್., ಕೈಯಲ್ಲಿ ಪ್ರತ್ಯೇಕ ಬಿ.ಲಿಬ್. ಪ್ರಮಾಣಪತ್ರ ಇರುವುದಿಲ್ಲ. ದಾಖಲೆ ಪರಿಶೀಲನೆಯ ಟೇಬಲ್ಲಿನಲ್ಲಿ ಇದೊಂದೇ ಕಾರಣಕ್ಕೆ ಅರ್ಜಿ ಪಕ್ಕಕ್ಕಿಟ್ಟದ್ದುಂಟು. ಅಧಿಸೂಚನೆಯಲ್ಲಿ 'ಅಥವಾ ತತ್ಸಮಾನ' ಎಂದಿದೆಯೇ ನೋಡಿ. ನಾಲ್ಕನೇ ಸೆಮಿಸ್ಟರ್ ಮುಗಿಯುವ ಮೊದಲು ವಿಭಾಗದ ಮುಖ್ಯಸ್ಥರಿಂದ, ಈ ಎರಡು ವರ್ಷದ ಪಠ್ಯಕ್ರಮ ಬಿ.ಲಿಬ್. ಭಾಗವನ್ನೂ ಒಳಗೊಂಡಿದೆ ಎಂದು ಪತ್ರಿಕೆಗಳ ಹೆಸರು ಸಹಿತ ಪತ್ರ ಬರೆಸಿಕೊಳ್ಳಿ, ಅದಕ್ಕೆ ಕುಲಸಚಿವರ ಕಚೇರಿಯ ಮೊಹರು ಹಾಕಿಸಿ, ಮೂರು ಪ್ರತಿ ಇಟ್ಟುಕೊಳ್ಳಿ.